ಹೆಗಡೆ, ಹೆಗ್ಗಡೆ ಮತ್ತು ಬಿಟ್ಟುಹೋದ ಒಂದು ಒತ್ತು

ಕಳೆದ ಸಂಚಿಕೆಯ ಒಂದೇ ಲೇಖನದಲ್ಲಿ ‘ಹೆಗಡೆ’, ‘ಹೆಗ್ಗಡೆ’, ‘ಹೆಗ್ಡೆ’ ಎಂಬ ಮೂರು ರೂಪಗಳನ್ನು ಕಂಡ ಓದುಗರೊಬ್ಬರು, ಇವು ಮೂರು ಬೇರೆ ಅಡ್ಡಹೆಸರುಗಳೋ ಅಥವಾ ಒಂದೇ ಹೆಸರಿನ ಕಾಗುಣಿತ ದೋಷಗಳೋ ಎಂದು ಕೇಳಿದ್ದಾರೆ. ‘ಅಡಿಗ’ ಎಂಬ ಹೆಸರಿನವರ ಹಿರಿಯರು ಅಡಿಗೆಯವರಾಗಿದ್ದರೇ ಎಂಬುದು ಅವರ ಎರಡನೆಯ ಪ್ರಶ್ನೆ. ‘ಭಟ್ಟ’ ಎಂದಿರಬೇಕಾದಲ್ಲಿ ‘ಭಟ’ ಎಂದು ಅಚ್ಚಾಗಿರುವುದನ್ನೂ ಅವರು ಎತ್ತಿ ತೋರಿಸಿದ್ದಾರೆ.

ಕೊನೆಯದನ್ನು ಮೊದಲು ಒಪ್ಪಿಕೊಳ್ಳುತ್ತೇವೆ. ಅದು ಕರಡು ತಿದ್ದುವಾಗ ನಮ್ಮ ಕಣ್ತಪ್ಪಿನಿಂದ ಬಿಟ್ಟುಹೋದ ಒತ್ತು. ಭಟ್ಟ ಎಂದರೆ ಪಂಡಿತ, ಪೂಜ್ಯ. ಭಟ ಎಂದರೆ ಯೋಧ, ಊಳಿಗದವನು. ಯಮನ ಬಳಿ ಇರುವವರು ಭಟರೇ ಹೊರತು ಭಟ್ಟರಲ್ಲ. ವೇದಪಾಠ ಹೇಳುವ ಹಿರಿಯರ ಕೈಗೆ ನಾವು ಈಟಿ ಕೊಟ್ಟಂತಾಯಿತು, ಕ್ಷಮೆಯಿರಲಿ.

ಹೆಗಡೆಯ ವಿಚಾರ ಹಾಗಲ್ಲ. ಅಲ್ಲಿರುವುದು ಒಂದೇ ಪದ. ಹಳಗನ್ನಡದ ಶಾಸನಗಳಲ್ಲಿ ಬರುವ ‘ಪೆರ್ಗಡೆ’ ಹಿರಿಯ ಅಧಿಕಾರಿಯ ಹುದ್ದೆಯ ಹೆಸರು. ಹೆದ್ದಾರಿ, ಹೆಮ್ಮರಗಳಲ್ಲಿರುವ ‘ಹಿರಿದು’ ಎಂಬ ಅರ್ಥವೇ ಅದರ ಮೊದಲಲ್ಲೂ ಇದೆ. ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ, ಅಷ್ಟೇಕೆ, ‘ಪೆಸರ್’ ಎಂಬುದೇ ‘ಹೆಸರು’ ಆದಂತೆ, ಇಲ್ಲಿಯೂ ಪಕಾರ ಹಕಾರವಾಯಿತು; ರಕಾರವು ಮುಂದಿನ ಗಕಾರದಲ್ಲಿ ಲೀನವಾಗಿ ‘ಹೆಗ್ಗಡೆ’ಯಾಯಿತು; ಒತ್ತು ಸಡಿಲಿ ‘ಹೆಗಡೆ’, ನಡುವಿನ ಸ್ವರವೂ ಬಿದ್ದು ‘ಹೆಗ್ಡೆ’. ಆದರೆ ಬೇರು ಒಂದೇ ಎಂದಮಾತ್ರಕ್ಕೆ ಮನೆತನ ಒಂದೇ ಆಗುವುದಿಲ್ಲ. ಉತ್ತರ ಕನ್ನಡದ ಹವ್ಯಕರಲ್ಲಿ ‘ಹೆಗಡೆ’ ಎಂಬ ರೂಪ ಹೆಚ್ಚು. ಕರಾವಳಿಯ ಬಂಟರಲ್ಲಿ ‘ಹೆಗ್ಡೆ’ ಇದೆ. ಧರ್ಮಸ್ಥಳದ ಧರ್ಮಾಧಿಕಾರಿಗಳ ಜೈನ ಮನೆತನ ‘ಹೆಗ್ಗಡೆ’ಯನ್ನೇ ಉಳಿಸಿಕೊಂಡಿದೆ. ಹುದ್ದೆ ಯಾರ ಕೈಯಲ್ಲಿತ್ತೋ ಅವರಿಗೆ ಹೆಸರು ಅಂಟಿಕೊಂಡಿತು.

ಶಾಸನಗಳ ‘ಗಾವುಂಡ’ ಸವೆದು ‘ಗೌಡ’ನಾದದ್ದೂ ಹೀಗೆಯೇ. ಊರ ಮುಖ್ಯಸ್ಥನಾದ ಈ ಗೌಡನ ಕೆಲಸವನ್ನೇ ಉತ್ತರ ಕರ್ನಾಟಕದಲ್ಲಿ ಪಾಟೀಲ ಮಾಡುತ್ತಿದ್ದ. ಲೆಕ್ಕ ಬರೆಯುವವನು ಒಂದೆಡೆ ಶಾನುಭೋಗ, ಇನ್ನೊಂದೆಡೆ ಕುಲಕರ್ಣಿ. 1961ರ ಕಾಯ್ದೆ ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ರದ್ದುಮಾಡಿತೇ ಹೊರತು ಹೆಸರುಗಳನ್ನು ಮುಟ್ಟಲಿಲ್ಲ. ಇಷ್ಟಾಗಿಯೂ ‘ಗೌಡ ಸಾರಸ್ವತ’ ಎಂಬಲ್ಲಿಯ ಗೌಡಕ್ಕೂ ಊರಗೌಡನಿಗೂ ನಂಟಿಲ್ಲ. ಅದು ಗೌಡದೇಶದ ಹೆಸರಿನಿಂದ ಬಂದ ಸಂಸ್ಕೃತ ಪದ. ಅಕ್ಷರ ಒಂದೇ ಆಗಿ ಪದ ಎರಡಾಗಿರುವ ಇಂಥ ಕಡೆಯೇ ಎಡವುವುದು ಸುಲಭ.

ಇನ್ನು ಅಡಿಗರು. ಆ ಹೆಸರಿನಲ್ಲಿರುವುದು ಪಾದ ಎಂಬ ಅರ್ಥದ ‘ಅಡಿ’. ದೇವರ ಅಡಿಗಳ ಸೇವೆ ಮಾಡುವ ಅರ್ಚಕನೇ ಅಡಿಗ. ಅಡಿಗೆಯಲ್ಲಿರುವುದಾದರೋ ಬೇಯಿಸು ಎಂಬ ಅರ್ಥದ ‘ಅಡು’ ಧಾತು. ‘ಅಡುಗೆ’ ಎಂದು ಬರೆದರೆ ಈ ಸಂದೇಹಕ್ಕೆ ಎಡೆಯೇ ಇರುವುದಿಲ್ಲವಾದ್ದರಿಂದ ಮುಂದಿನ ಸಂಚಿಕೆಯಿಂದ ನಾವು ಹಾಗೆಯೇ ಬರೆಯುತ್ತೇವೆ. ಹೆಗಡೆ, ಹೆಗ್ಗಡೆ, ಹೆಗ್ಡೆಗಳನ್ನು ಮಾತ್ರ ಒಂದು ರೂಪಕ್ಕೆ ತರುವುದಿಲ್ಲ; ಅವರವರು ರುಜು ಹಾಕುವ ರೀತಿಯಲ್ಲೇ ಅವು ಅಚ್ಚಾಗುತ್ತವೆ.

– ಸಂಪಾದಕ