ಮಗನ ಹಡಗಿಗೆ ಹೋಗಿ, ಅವನ ನಿದ್ದೆ ಮಾತ್ರ ಕೆಡಿಸಬೇಡಿ

ಪ್ರಶ್ನೆ: ನಮ್ಮ ಮಗ ಪ್ರವಾಸಿ ಹಡಗಿನಲ್ಲಿ ಅಸಿಸ್ಟೆಂಟ್ ವೇಟರ್. ಹಡಗು ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿ ವಾಪಸ್ ಬರುತ್ತದೆ. ಮನೆಯವರಿಗೆ ಕಡಿಮೆ ದರದಲ್ಲಿ ಟಿಕೆಟ್ ಸಿಗುತ್ತದೆ, ನೀವಿಬ್ಬರೂ ಬನ್ನಿ ಅಂತ ಒಂದೇ ಹಟ ಹಿಡಿದಿದ್ದಾನೆ. ನಾವು ಸಸ್ಯಾಹಾರಿಗಳು. ನನಗೆ ಶುಗರ್ ಇದೆ. ನಮ್ಮ ಯಜಮಾನರಿಗೆ ಎಲೆ ಅಡಿಕೆ, ಹೊಗೆಸೊಪ್ಪು ಇಲ್ಲದೆ ಆಗುವುದಿಲ್ಲ. ಅವನ ರೂಮಿನಲ್ಲೇ ಉಳಿಯಬಹುದಾ? ನಾವು ಹೋದರೆ ಅವನ ಕೆಲಸಕ್ಕೆ ತೊಂದರೆ ಆಗುತ್ತದಾ?
– ಒಬ್ಬ ತಾಯಿ, ಮೂಡುಬಿದಿರೆ

ಉತ್ತರ: ಖಂಡಿತ ಹೋಗಿ ಬನ್ನಿ ಅಕ್ಕ. ನಿಮ್ಮೂರಿನ ಸಾವಿರ ಕಂಬದ ಬಸದಿ ನೋಡಲು ಮಂಗಳೂರಿನ ಪಣಂಬೂರು ಬಂದರಿನಿಂದ ಬಸ್ಸಿನಲ್ಲಿ ಬರುವ ವಿದೇಶಿಯರನ್ನು ನೋಡಿರುತ್ತೀರಿ ಅಲ್ವಾ? ಅವರು ಇಳಿದು ಬರುವುದು ಇಂಥದ್ದೇ ಹಡಗಿನಿಂದ. ನಾನು ಆ ಹಡಗುಗಳ ಊಟದ ಹಾಲಿನಲ್ಲಿ ಹಲವು ವರ್ಷ ದುಡಿದವನು. ಆದ್ದರಿಂದ ನಿಮ್ಮ ಮಗನ ಕಡೆಯಿಂದಲೂ ನಾಲ್ಕು ಮಾತು ಹೇಳುತ್ತೇನೆ.

ಅವನ ರೂಮಿನಲ್ಲಿ ಇರುವ ಯೋಚನೆ ಬಿಡಿ. ವೇಟರ್‌ಗಳ ರೂಮು ಹಡಗಿನ ಕೆಳಭಾಗದಲ್ಲಿರುತ್ತದೆ. ಒಂದರ ಮೇಲೊಂದು ಎರಡು ಮಂಚ, ಜೊತೆಗೆ ಇನ್ನೊಬ್ಬ ಹುಡುಗ. ಕಿಟಕಿ ಇರುವುದಿಲ್ಲ. ನಿಮಗೆ ಪ್ರಯಾಣಿಕರ ಕ್ಯಾಬಿನ್ನೇ ಕೊಡುತ್ತಾರೆ. ಒಂದು ಮುಖ್ಯ ವಿಷಯ: ಕೆಲಸಗಾರರು ಅನುಮತಿ ಇಲ್ಲದೆ ಪ್ರಯಾಣಿಕರ ಕ್ಯಾಬಿನ್ನಿಗೆ ಕಾಲಿಟ್ಟರೆ ಹೆಚ್ಚಿನ ಕಂಪನಿಗಳಲ್ಲಿ ಕೆಲಸವೇ ಹೋಗುತ್ತದೆ. ಒಳಗಿರುವುದು ಹೆತ್ತ ತಾಯಿಯೇ ಆದರೂ ಅಷ್ಟೆ. ಬಾಗಿಲಲ್ಲಿ ನಿಂತು, ಐದು ನಿಮಿಷ ಒಳಗೆ ಬಾ ಮಗಾ ಅಂತ ಕರೆಯಬೇಡಿ. ಮೇಲಿನವರಿಂದ ಮೊದಲೇ ಅನುಮತಿ ತೆಗೆದಿಡಲು ಅವನಿಗೆ ಹೇಳಿ. ನಿಮ್ಮ ಜೊತೆ ಡೆಕ್ಕಿನಲ್ಲಿ ಓಡಾಡಲು, ಒಟ್ಟಿಗೆ ಕೂತು ಊಟ ಮಾಡಲು ಕೂಡ ಅನುಮತಿ ಬೇಕು. ಬರೆದು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ಹಡಗು ಹತ್ತುವ ದಿನ ಅವನು ಬಾಗಿಲಲ್ಲಿ ಕಾಯುತ್ತಿರುತ್ತಾನೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಒಂದು ಹಡಗಿನಷ್ಟು ಜನ ಇಳಿಯುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅಷ್ಟೇ ಜನ ಹತ್ತುತ್ತಾರೆ. ನಮಗೆಲ್ಲ ಅದಕ್ಕಿಂತ ಕಷ್ಟದ ದಿನ ಬೇರೆ ಇಲ್ಲ. ರಾತ್ರಿ ಊಟದ ಹೊತ್ತಿಗೆ ಮುಖ ಕಂಡರೆ ಸಾಕು ಅಂದುಕೊಂಡು ಹತ್ತಿ.

ಇನ್ನು ನಿದ್ದೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಎರಡು ಪಂಕ್ತಿ. 2006ರ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಲೇಬೇಕು. ಅದನ್ನು ಎರಡು ತುಂಡು ಮಾಡಬಹುದು, ಆದರೆ ಒಂದು ತುಂಡು 6 ಗಂಟೆಗಿಂತ ಕಡಿಮೆ ಇರುವಂತಿಲ್ಲ. ಸ್ನಾನ, ಬಟ್ಟೆ ಒಗೆಯುವುದು, ಮನೆಗೆ ಫೋನು ಎಲ್ಲ ಆ ಹತ್ತು ಗಂಟೆಯಲ್ಲೇ ಆಗಬೇಕು. ಈಗ ಅದರಲ್ಲಿ ನಿಮಗೂ ಪಾಲು ಕೊಡುತ್ತಾನೆ. ರಾತ್ರಿ ಹನ್ನೆರಡರವರೆಗೆ ಮಾತಾಡಿದರೆ ಅವನೇನೂ ಬೇಡ ಅನ್ನುವುದಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಹೋಗುವವನು ಅವನು. ನೀವೇ ಮಲಗು ಹೋಗು ಅಂತ ಕಳಿಸಿ. ಮಧ್ಯಾಹ್ನದ ಊಟದ ಕೆಲಸ ಮುಗಿದ ಮೇಲೆ ಸಿಗುವ ಬಿಡುವು ನಿಮಗೆ ಸಾಕು.

ನನ್ನ ಅಪ್ಪ ಅಮ್ಮ ಒಮ್ಮೆ ನಾನಿದ್ದ ಹಡಗಿಗೆ ಬಂದಿದ್ದರು. ನಮ್ಮ ಹೆಡ್ ವೇಟರ್ ಒಳ್ಳೆಯ ಮನುಷ್ಯ, ಅವರನ್ನು ನನ್ನ ಮೇಜಿಗೇ ಹಾಕಿದ್ದ. ಮುಚ್ಚಳ ಹಾಕಿದ ತಟ್ಟೆಗಳನ್ನು ದೊಡ್ಡ ಟ್ರೇಯಲ್ಲಿ ಪೇರಿಸಿ, ಹೆಗಲ ಮೇಲಿಟ್ಟುಕೊಂಡು ನಾನು ಅಡುಗೆಮನೆಯಿಂದ ಬರುತ್ತಿದ್ದರೆ ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಕೈ ಕೊಡಲು! ಅಪ್ಪ ಸೆರಗು ಹಿಡಿದು ಕೂರಿಸಿದರು. ಆಮೇಲೆ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ, ಊಟ ಮುಗಿಯುವವರೆಗೂ ನನ್ನನ್ನೇ ನೋಡುತ್ತಾ ಕೂತಿದ್ದರು. ಊರಿಗೆ ಹೋದ ಮೇಲೆ, ಯಾಕೆ ಫೋನು ಮಾಡಲಿಲ್ಲ ಅಂತ ಅವರು ಒಮ್ಮೆಯೂ ಕೇಳಲಿಲ್ಲ. ಅದಕ್ಕೇ ನಾನು ನಿಮಗೆ ಹೋಗಿ ಅನ್ನುವುದು. ಒಂದು ರಾತ್ರಿಯಾದರೂ ಅವನ ಮೇಜಿನಲ್ಲಿ ಊಟಕ್ಕೆ ಕೂರಿ. ಅವನು ಬಡಿಸಲಿ, ನೀವು ಸುಮ್ನೆ ಊಟ ಮಾಡಿ. ಅವನ ಮೇಲಿನವರ ಹತ್ತಿರ ಸಂಬಳ, ರಜೆ, ಪ್ರಮೋಷನ್ ಮಾತು ಬೇಡ. ಒಂದು ನಮಸ್ಕಾರ ಹೇಳಿ, ಸಾಕು.

ಊಟದ ಬಗ್ಗೆ ಭಯ ಬೇಡ. ಸಿಂಗಪುರದ ಹಡಗುಗಳಲ್ಲಿ ಭಾರತೀಯರು ಜಾಸ್ತಿ, ಸಸ್ಯಾಹಾರ ಸಿಗುತ್ತದೆ. ಆದರೂ ಟಿಕೆಟ್ ಮಾಡುವಾಗಲೇ ಬರೆಸಿ. ಮೊಟ್ಟೆಯೂ ಬೇಡ ಅಂತ ಬಿಡಿಸಿ ಹೇಳಿ. ಮನೆಯಲ್ಲಿ ಮಾಡಿದ ಅಡುಗೆ ಒಯ್ಯಬೇಡಿ. ನೀರು ಕಾಯಿಸುವ ಕಾಯಿಲ್, ಇಸ್ತ್ರಿ ಪೆಟ್ಟಿಗೆ ಇದ್ದರೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ, ಬೆಂಕಿಯ ಭಯ. ಶುಗರ್ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗಬಹುದು. ಹಡಗಿನ ಡಾಕ್ಟರ ಬಿಲ್ಲು ಬಲು ದುಬಾರಿ, ಪ್ರಯಾಣ ವಿಮೆ ಮಾಡಿಸಿಯೇ ಹೊರಡಿ. ಫೋನನ್ನು ಸಮುದ್ರದಲ್ಲಿ ಏರೋಪ್ಲೇನ್ ಮೋಡ್‌ನಲ್ಲಿಡಿ. ಇಲ್ಲದಿದ್ದರೆ ಹಡಗಿನ ನೆಟ್‌ವರ್ಕ್ ಹಿಡಿದು ದೊಡ್ಡ ಬಿಲ್ಲು ಬರುತ್ತದೆ.

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ: ಜಗಿಯುವ ಹೊಗೆಸೊಪ್ಪನ್ನು ಸಿಂಗಪುರಕ್ಕೆ ತರುವುದು ಅಪರಾಧ. ಚಿಟಿಕೆಯಷ್ಟೂ ಬೇಡ. ಹೊರಡುವ ತಿಂಗಳ ಮೊದಲೇ ಕಡಿಮೆ ಮಾಡುತ್ತಾ ಬರಲಿ.

ಸಿಂಗಪುರಕ್ಕೆ ನಮ್ಮವರಿಗೆ ವೀಸಾ ಬೇಕು. ಹಡಗು ಹೊರಗೆ ಹೋಗಿ ವಾಪಸ್ ಬರುವುದರಿಂದ, ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಬಹುದಾದ ವೀಸಾನೇ ಇದೆಯಾ ಅಂತ ನೋಡಿಕೊಳ್ಳಿ. ಅಲ್ಲಿಗೆ ತಲುಪುವ ಮೊದಲಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಪ್ರವೇಶದ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಡಗು ಹತ್ತಿದ ಕೂಡಲೇ ಸುರಕ್ಷತೆಯ ಡ್ರಿಲ್ ಇರುತ್ತದೆ. ಏಳು ಚಿಕ್ಕ ಸೀಟಿ, ಒಂದು ಉದ್ದದ ಸೀಟಿ ಕೇಳಿದರೆ ಎಲ್ಲಿಗೆ ಹೋಗಬೇಕು ಅಂತ ಅಲ್ಲಿ ತೋರಿಸುತ್ತಾರೆ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಹಡಗು ಬಂಡೆಗೆ ಬಡಿದು 32 ಜನ ತೀರಿಕೊಂಡರು. ಆ ದಿನ ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ದಯವಿಟ್ಟು ಗಮನ ಕೊಟ್ಟು ಕೇಳಿ. ಅವಘಡ ಆದರೆ ನಿಮ್ಮ ಮಗ ನಿಮ್ಮ ಪಕ್ಕ ಇರುವುದಿಲ್ಲ, ಅವನಿಗೆ ಒಪ್ಪಿಸಿದ ಜಾಗದಲ್ಲಿ ಬೇರೆಯವರನ್ನು ನೋಡಿಕೊಳ್ಳುತ್ತಿರುತ್ತಾನೆ.

ಬಂದರಿನಲ್ಲಿ ನಿಂತಾಗಲೂ ಕೆಲವು ಕೆಲಸಗಾರರು ಹಡಗಿನಲ್ಲೇ ಇರಬೇಕಾಗುತ್ತದೆ. ಪೆನಾಂಗಿನಲ್ಲಿ ಬಿಡುವು ಸಿಗುವಂತೆ ಮೊದಲೇ ಯಾರ ಜೊತೆಗಾದರೂ ಪಾಳಿ ಬದಲಾಯಿಸಿಕೊಳ್ಳಲಿ. ಅಲ್ಲಿ ಹಡಗು ನಿಲ್ಲುವುದೇ ಜಾರ್ಜ್ ಟೌನ್ ಪೇಟೆಯ ಬದಿಯಲ್ಲಿ. ನಡೆದುಕೊಂಡೇ ಲಿಟಲ್ ಇಂಡಿಯಾಕ್ಕೆ ಹೋಗಬಹುದು. ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ್ ದೇವಸ್ಥಾನ ಇದೆ, ಸುತ್ತಮುತ್ತ ಇಡ್ಲಿ ದೋಸೆಯ ಹೋಟೆಲುಗಳಿವೆ. ಅವನಿಗೂ ಒಂದು ಹೊತ್ತು ಕೂತು ಉಣ್ಣುವ ಯೋಗ ಸಿಗಲಿ.

ಅರ್ಜಿಯನ್ನು ಈಗಲೇ ಹಾಕಿಸಿ. ಮನೆಯವರಿಗೆ ಕಡಿಮೆ ದರದಲ್ಲಿ ಕೊಡುವುದು ಸಾಮಾನ್ಯವಾಗಿ ಖಾಲಿ ಉಳಿದ ಕ್ಯಾಬಿನ್ನು. ಜೂನ್ ಮತ್ತು ಡಿಸೆಂಬರಿನಲ್ಲಿ ಸಿಂಗಪುರದ ಶಾಲೆಗಳಿಗೆ ರಜೆ, ಹಡಗು ತುಂಬಿರುತ್ತದೆ. ಆ ಎರಡು ತಿಂಗಳು ಬಿಟ್ಟು ಬೇರೆ ದಿನ ಕೇಳಲು ಹೇಳಿ.