ಆನ್‌ಲೈನ್ ಕ್ಲಾಸ್ ರೆಕಾರ್ಡ್ ಮಾಡಬೇಡಿ ಅಂತ ಶಾಲೆಗೆ ಹೇಳಬಹುದಾ?

ಹೇಳಬಹುದು. ಆದರೆ ನಾನಾಗಿದ್ದರೆ ಹಾಗೆ ಹೇಳುವುದಿಲ್ಲ. "ಪಾಠ ರೆಕಾರ್ಡ್ ಮಾಡಿ, ಮಕ್ಕಳನ್ನು ರೆಕಾರ್ಡ್ ಮಾಡಬೇಡಿ" ಅನ್ನುತ್ತೇನೆ.

ನಿಮ್ಮ ಮಗಳು ಐದನೇ ಕ್ಲಾಸು. ಮಳೆ ರಜೆ ಬಂದಾಗಲೆಲ್ಲ ಜೂಮ್‌ನಲ್ಲಿ ಪಾಠ, ಸಂಜೆಗೆ ಅದರ ರೆಕಾರ್ಡಿಂಗ್ ಲಿಂಕು ಪೋಷಕರ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಮಗಳ ಮುಖ, ಹೆಸರು, ಮನೆಯ ಹಜಾರ ಎಲ್ಲ ಅದರಲ್ಲಿದೆ ಅನ್ನೋದು ನಿಮಗೆ ಕಿರಿಕಿರಿ. ರೆಕಾರ್ಡಿಂಗ್ ನಿಲ್ಲಿಸಿದರೆ ಕ್ಲಾಸಿಗೆ ಬರಲಾಗದ ಮಕ್ಕಳ ಗತಿ ಏನು ಅನ್ನೋ ಹಿಂಜರಿಕೆಯೂ ಇದೆ. ಎರಡೂ ಸರಿಯೇ.

ನಾನು ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತೇನೆ. 2020ರಿಂದ ಕ್ಲಾಸುಗಳನ್ನು ರೆಕಾರ್ಡ್ ಮಾಡುತ್ತಾ ಬಂದಿದ್ದೇನೆ. ಹಾಗಾಗಿ ಮೊದಲು ಎರಡನೇ ಚಿಂತೆಯ ಬಗ್ಗೆ ಹೇಳಿಬಿಡುತ್ತೇನೆ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಆಟೋ ಸ್ಟ್ಯಾಂಡಿಗೋ ಗ್ಯಾರೇಜಿಗೋ ಹೋಗಿ, ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಅಂಥ ಮಗುವಿಗೆ ರೆಕಾರ್ಡಿಂಗೇ ಕ್ಲಾಸು. ಗ್ರಾಮೀಣ ಭಾರತದಲ್ಲಿ ಶಾಲೆಗೆ ಹೋಗುವ ಮಕ್ಕಳ ಪೈಕಿ ಸುಮಾರು ಶೇ. 62ರಷ್ಟು ಮಕ್ಕಳ ಮನೆಯಲ್ಲಿ ಮಾತ್ರ ಸ್ಮಾರ್ಟ್‌ಫೋನ್ ಇದೆ ಎಂದು ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2020ರ ವರದಿ ಹೇಳಿತ್ತು. ಆಮೇಲೆ ಫೋನು ಜಾಸ್ತಿಯಾಗಿರಬಹುದು, ಆದರೆ ಮಕ್ಕಳ ಕೈಗೆ ಸಿಗುವ ಹೊತ್ತು ಅಷ್ಟೇ. ಸುಮ್ನೆ "ಬಂದ್ ಮಾಡಿ" ಅಂದರೆ ಏಟು ಬೀಳುವುದು ಈ ಮಕ್ಕಳಿಗೆ.

ಈಗ ಯೋಚನೆ ಮಾಡಿ, ರಾತ್ರಿ ಎಂಟಕ್ಕೆ ಕೂತು ನೋಡುವ ಆ ಮಗುವಿಗೆ ಬೇಕಾಗಿರುವುದು ಏನು? ಮಿಸ್ ಧ್ವನಿ, ಬೋರ್ಡಿನ ಮೇಲಿನ ಲೆಕ್ಕ. ಉಳಿದ ಮೂವತ್ತು ಮಕ್ಕಳ ಮುಖ ಅಲ್ಲ. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಯವರಿಗೆ 'ಸಂವೇದ' ಪಾಠಗಳು ಶುರುವಾದವಲ್ಲ, ಅವುಗಳಲ್ಲಿ ಮೇಷ್ಟ್ರು ಮತ್ತು ಪಾಠ, ಅಷ್ಟೇ. ಫೋನಿಲ್ಲದ ಮನೆಯಲ್ಲೂ ಟೀವಿಯಲ್ಲಿ ನೋಡಬಹುದಿತ್ತು. ಆ ಪಾಠ ಯಾರು ನೋಡಿದರೂ ಯಾವ ಮಗುವಿನ ಗುಟ್ಟೂ ಹೊರಗೆ ಬೀಳುತ್ತಿರಲಿಲ್ಲ.

ಕ್ಲಾಸಿನ ರೆಕಾರ್ಡಿಂಗ್‌ನಲ್ಲಿ ಏನೇನು ಸಿಕ್ಕಿಬೀಳುತ್ತದೆ ಅಂತ ಒಮ್ಮೆ ಗಮನಿಸಿ. ಹುಡುಗನೊಬ್ಬ ಹದಿಮೂರರ ಮಗ್ಗಿ ಹೇಳುತ್ತಾ ಅರ್ಧದಲ್ಲಿ ತಡವರಿಸುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಅಮ್ಮನ ಪಿಸುಮಾತು, "ಅರವತ್ತೈದು ಕಣೋ". ಮ್ಯೂಟ್ ಮಾಡಿಕೊಳ್ಳಲು ಮರೆತ ಇನ್ನೊಬ್ಬನ ನಗು. ಅದರ ಮೇಲೆ ಕುಕ್ಕರಿನ ವಿಷಲ್. ಶಾಲೆಯ ಕೋಣೆಯಲ್ಲಾದರೆ ಎರಡು ನಿಮಿಷಕ್ಕೆ ಎಲ್ಲರೂ ಮರೆಯುತ್ತಾರೆ. ರೆಕಾರ್ಡಿಂಗ್ ಮರೆಯುವುದಿಲ್ಲ. ನಿಲ್ಲಿಸಿ, ಹಿಂದಕ್ಕೆ ಎಳೆದು, ಸ್ಕ್ರೀನ್‌ಶಾಟ್ ತೆಗೆದು ಸ್ಟಿಕರ್ ಮಾಡಬಹುದು. ಏಳನೇ ಕ್ಲಾಸಿನ ಮಕ್ಕಳಿಗೆ ಸ್ಟಿಕರ್ ಮಾಡೋದು ನೀರು ಕುಡಿದಷ್ಟು ಸುಲಭ!

ಇನ್ನು ಆ ಲಿಂಕು ಯಾರ ಕೈಯಲ್ಲೆಲ್ಲ ಇರುತ್ತದೆ? ಗ್ರೂಪಿನ ಸದಸ್ಯರ ಪಟ್ಟಿ ಒಮ್ಮೆ ತೆರೆದು ನೋಡಿ. ಎರಡು ವರ್ಷದ ಹಿಂದೆ ಟಿಸಿ ತಗೊಂಡು ಹೋದವರ ನಂಬರ್ ಇರುತ್ತದೆ. ಶಾಲೆಯ ವ್ಯಾನ್ ಡ್ರೈವರ್ ಇರುತ್ತಾರೆ. ಹೆಸರೇ ಇಲ್ಲದ ಬರೀ ನಂಬರ್‌ಗಳೂ ಇರುತ್ತವೆ. ಯಾರೂ ಕೆಟ್ಟವರು ಅಂತಲ್ಲ, ಆದರೆ ಯಾರು ಅಂತ ಗೊತ್ತಿಲ್ಲ ಅಲ್ವಾ? ಯೂಟ್ಯೂಬಿನ 'ಅನ್‌ಲಿಸ್ಟೆಡ್' ಅನ್ನು ಶಾಲೆಯವರು ಗುಟ್ಟು ಅಂತ ನಂಬಿರುತ್ತಾರೆ. ಅದು ಹುಡುಕಿದರೆ ಸಿಗುವುದಿಲ್ಲ, ನಿಜ. ಆದರೆ ಲಿಂಕು ಸಿಕ್ಕವರು ಯಾರು ಬೇಕಾದರೂ ನೋಡಬಹುದು, ಮುಂದಕ್ಕೂ ಕಳಿಸಬಹುದು. ಗೂಗಲ್ ಡ್ರೈವ್‌ನಲ್ಲಿ 'ಲಿಂಕ್ ಇರುವ ಎಲ್ಲರಿಗೂ' ಅಂತ ಇಟ್ಟರೂ ಅದೇ ಕಥೆ.

ಸರ್ಕಾರದ್ದಾದರೆ ಭದ್ರ ಅಂತಲೂ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ ಶಾಲಾ ಕಲಿಕೆಯ ಆ್ಯಪ್ ದೀಕ್ಷಾದಲ್ಲಿದ್ದ ಲಕ್ಷಾಂತರ ವಿದ್ಯಾರ್ಥಿಗಳ, ಶಿಕ್ಷಕರ ಮಾಹಿತಿ ಬೀಗವಿಲ್ಲದ ಸರ್ವರ್‌ನಲ್ಲಿ ತೆರೆದುಕೊಂಡಿತ್ತು ಅಂತ 2023ರ ಜನವರಿಯಲ್ಲಿ ಸುದ್ದಿಯಾಗಿತ್ತು.

ಕಾನೂನು ಕೇಳುತ್ತೀರಾದರೆ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಅದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಶಾಲೆಗಳಿಗೆ ಸ್ವಲ್ಪ ರಿಯಾಯಿತಿಯೂ ಇದೆ, ಪಾಠ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟರ ಮಟ್ಟಿಗೆ. ಅದನ್ನು ಹಿಡಿದುಕೊಂಡು ಕ್ಲಾಸಿನ ವಿಡಿಯೋವನ್ನು ಅಡ್ಮಿಷನ್ ಜಾಹೀರಾತಿಗೆ ಬಳಸುವಂತಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಮೊದಲ ಮಾತಿಗೇ ಕಾಯ್ದೆ ತೆಗೆಯಬೇಡಿ. ಹೆಡ್‌ಮಿಸ್ ಮುಖ ಗಂಟಾಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಬದಲಿಗೆ ಟೀಚರಿಗೆ ಮಾಡಲು ಸುಲಭವಾದದ್ದನ್ನು ಕೇಳಿ. ಜೂಮ್‌ನಲ್ಲಿ ರೆಕಾರ್ಡಿಂಗನ್ನು ಸ್ವಲ್ಪ ಹೊತ್ತು ನಿಲ್ಲಿಸಿಡುವ 'ಪಾಜ್' ಬಟನ್ ಇದೆ. ನಾನು ಪಾಠ ಹೇಳುವಷ್ಟು ಹೊತ್ತು ರೆಕಾರ್ಡ್ ಮಾಡಿ, ಪ್ರಶ್ನೆ ಕೇಳುವ ಹೊತ್ತಿಗೆ ಪಾಜ್ ಮಾಡುತ್ತೇನೆ. "ಈಗ ರೆಕಾರ್ಡ್ ಆಗ್ತಿಲ್ಲ" ಅಂತ ಬಾಯಿಬಿಟ್ಟು ಹೇಳುತ್ತೇನೆ. ಅದುವರೆಗೆ ತೆಪ್ಪಗಿದ್ದ ಹುಡುಗಿಯರು ಆಗ ಕೈ ಎತ್ತುತ್ತಾರೆ, ಇದನ್ನು ಪ್ರತಿ ಸಲ ನೋಡಿದ್ದೇನೆ. ಸ್ಕ್ರೀನ್ ಷೇರ್ ಮಾಡುವಾಗ ಮಕ್ಕಳ ವಿಡಿಯೋ ಸೇರದ ಹಾಗೆ ಸೆಟ್ಟಿಂಗ್ ಕೂಡ ಇದೆ. ಇನ್ನೊಂದು ಉಪಾಯ ಡೇಟಾ ಕಡಿಮೆ ಇರುವ ಮನೆಗಳಿಗೆ. ಕಂಪ್ಯೂಟರಿನಲ್ಲಿ ಜೂಮ್ ರೆಕಾರ್ಡ್ ಮಾಡಿದರೆ ವಿಡಿಯೋ ಜೊತೆಗೆ ಬರೀ ಆಡಿಯೋದ ಫೈಲೂ ಬೇರೆಯಾಗಿ ಸಿಗುತ್ತದೆ. ಅದು ತುಂಬಾ ಚಿಕ್ಕದು. ಆ ಆಡಿಯೋ, ಬೋರ್ಡಿನ ನಾಲ್ಕೈದು ಫೋಟೋ ಕಳಿಸಿದರೆ ಗಣಿತಕ್ಕೂ ಸಾಕು. ಸಮಾಜ ವಿಜ್ಞಾನಕ್ಕಂತೂ ಧಾರಾಳ.

ಟೀಚರಿಗೆ ಹೀಗೊಂದು ಮೆಸೇಜ್ ಕಳಿಸಿ: "ಮಿಸ್, ರೆಕಾರ್ಡಿಂಗ್ ತುಂಬಾ ಮಕ್ಕಳಿಗೆ ಉಪಯೋಗ ಆಗ್ತಿದೆ, ನಿಲ್ಲಿಸಬೇಡಿ. ಮಕ್ಕಳ ಮುಖ, ಹೆಸರು ಬರದ ಹಾಗೆ ಮಾಡಲು ಆಗುತ್ತಾ? ಟೆಸ್ಟ್ ಮುಗಿದ ಮೇಲೆ ಹಳೆಯ ಲಿಂಕ್ ತೆಗೆದರೆ ಒಳ್ಳೆಯದು." ನಿಮ್ಮೊಬ್ಬರ ಹೆಸರಿನಲ್ಲಿ ಬೇಡ, ಇನ್ನು ಮೂರ್ನಾಲ್ಕು ಪೋಷಕರನ್ನು ಸೇರಿಸಿಕೊಳ್ಳಿ. ಒಬ್ಬರೇ ಕೇಳಿದರೆ ತಕರಾರು ಅಂತಾರೆ, ನಾಲ್ವರು ಕೇಳಿದರೆ ಸಲಹೆ ಅಂತಾರೆ.

ಉತ್ತರ ಬರುವವರೆಗೆ ಮಗಳ ಜೂಮ್ ಹೆಸರನ್ನು ಬರೀ ರೋಲ್ ನಂಬರ್‌ಗೆ ಬದಲಾಯಿಸಿ. ಹಾಜರಿ ಹಾಕಲು ಮಿಸ್‌ಗೆ ಅಷ್ಟು ಸಾಕು. ಕೂರುವ ಜಾಗ ಮಾತ್ರ ಗೋಡೆಗೆ ಬೆನ್ನು ಹಾಕಿ ಇರಲಿ, ಅಡುಗೆಮನೆ ಬಾಗಿಲ ಕಡೆ ಬೇಡ.