ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗಾಲ್ಫ್ ಕೋರ್ಸ್ ಬಿಡಿಸಿದ್ದೇನೆ, ಆ್ಯಪ್‌ನಲ್ಲಿ ದೂರ ಯಾಕೆ ತಪ್ಪು ಬರುತ್ತಿದೆ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಒಂದು ಗಾಲ್ಫ್ ಕೋರ್ಸನ್ನು ಪೂರ್ತಿ ಬಿಡಿಸಿದ್ದೀರಿ, ನಕ್ಷೆಯಲ್ಲಿ ನೋಡಲು ಚೆನ್ನಾಗಿಯೇ ಇದೆ, ಆದರೆ ಅದೇ ಮಾಹಿತಿ ಬಳಸುವ ಆ್ಯಪ್‌ನಲ್ಲಿ ಕೆಲವು ಹೋಲ್‌ಗಳ ದೂರ ಟೀ ಪಕ್ಕದ ಫಲಕಕ್ಕೆ ತಾಳೆಯಾಗುತ್ತಿಲ್ಲ. (ಟೀ ಎಂದರೆ ಮೊದಲ ಹೊಡೆತದ ಜಾಗ, ಗ್ರೀನ್ ಎಂದರೆ ಬಾವುಟವೂ ಕುಳಿಯೂ ಇರುವ ನುಣುಪು ಹುಲ್ಲುಹಾಸು, ಟೀಯಿಂದ ಗ್ರೀನ್‌ವರೆಗಿನ ಆಟದ ಒಂದು ಭಾಗವೇ ಹೋಲ್.) ಎಲ್ಲವನ್ನೂ ಅಳಿಸಿ ಮತ್ತೆ ಬಿಡಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲು ತಪ್ಪು ಯಾವ ಬಗೆಯದು ಅಂತ ಪತ್ತೆ ಮಾಡಿ.

ಮುಖ್ಯವಾಗಿ ಬಗೆ ಎರಡು. ಹೋಲ್‌ನ ಒಟ್ಟು ಉದ್ದವೇ ತಪ್ಪಾಗಿದ್ದರೆ ದೋಷ ನೀವು ಎಳೆದ ಹೋಲ್ ಗೆರೆಯಲ್ಲಿದೆ. ಒಟ್ಟು ಉದ್ದ ಸರಿಯಿದ್ದು, ಮೈದಾನದಲ್ಲಿ ನಿಂತು ಗ್ರೀನ್‌ಗೆ ಎಷ್ಟು ದೂರ ಎಂದು ನೋಡಿದಾಗ ಮಾತ್ರ ವ್ಯತ್ಯಾಸ ಬರುತ್ತಿದ್ದರೆ ದೋಷ ಉಪಗ್ರಹ ಚಿತ್ರದ ಜರುಗುವಿಕೆಯಲ್ಲಿದೆ. ಚಿತ್ರ ಐದು ಮೀಟರ್ ಪೂರ್ವಕ್ಕೆ ಸರಿದಿದ್ದರೆ ಟೀಯೂ ಗ್ರೀನೂ ಒಟ್ಟಿಗೇ ಸರಿದಿರುತ್ತವೆ. ಅವೆರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ, ಆದರೆ ಆಟಗಾರನ ಫೋನಿನ ಜಿಪಿಎಸ್ ನಿಜವಾದ ಜಾಗವನ್ನು ಹೇಳುತ್ತಿರುತ್ತದೆ. ಈ ವ್ಯತ್ಯಾಸ ಗೊತ್ತಾಗದೆ ಎಷ್ಟೋ ಜನ ಸರಿಯಿದ್ದ ಗೆರೆಯನ್ನು ತಿದ್ದಲು ಹೋಗಿ ಕೆಡಿಸುತ್ತಾರೆ.

ಇಲ್ಲಿ ಟ್ಯಾಗ್‌ಗಳನ್ನು, ಅಂದರೆ ಬಿಡಿಸಿದ ಗೆರೆ ಅಥವಾ ಆಕಾರ ಏನೆಂದು ಹೇಳುವ ಗುರುತುಗಳನ್ನು, ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಡದೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು.

ಮೊದಲು ಹೋಲ್ ಗೆರೆ. ಗಾಲ್ಫ್=ಹೋಲ್ ಎಂಬುದು ಆಕಾರವಲ್ಲ, ಒಂದು ತೆರೆದ ಗೆರೆ. ಚೆಂಡು ಹೇಗೆ ಸಾಗಬೇಕೆಂದು ಹೋಲ್ ರೂಪಿಸಿದ್ದಾರೋ ಆ ದಾರಿ ಅದು. ಅತಿ ಹಿಂದಿನ ಟೀಯಲ್ಲಿ ಶುರುವಾಗಿ ಗ್ರೀನ್ ಒಳಗೆ ಮುಗಿಯಬೇಕು. ಮೊದಲ ಬಿಂದು ಟೀ ಕಡೆ, ಕೊನೆಯ ಬಿಂದು ಗ್ರೀನ್ ಕಡೆ. ಗೆರೆಯ ದಿಕ್ಕು ಉಲ್ಟಾ ಆದರೆ ಆ್ಯಪ್ ಗ್ರೀನನ್ನೇ ಟೀ ಎಂದು ತಿಳಿಯುತ್ತದೆ. ಗೆರೆಯನ್ನು ಆಯ್ಕೆ ಮಾಡಿ, ಬ್ರೌಸರ್‌ನಲ್ಲೇ ತೆರೆಯುವ ಐಡಿ ಎಡಿಟರ್‌ನಲ್ಲಿ ‘ವಿ’ ಕೀ, ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಜೋಸ್ಮ್ ಎಡಿಟರ್‌ನಲ್ಲಿ ‘ಆರ್’ ಕೀ ಒತ್ತಿದರೆ ದಿಕ್ಕು ತಿರುಗುತ್ತದೆ, ಮತ್ತೆ ಎಳೆಯಬೇಕಾಗಿಲ್ಲ.

ಉದ್ದ ತಪ್ಪಲು ದೊಡ್ಡ ಕಾರಣ ತಿರುವುಗಳು. ಡಾಗ್‌ಲೆಗ್, ಅಂದರೆ ನಡುವೆ ತಿರುಗುವ ಹೋಲ್‌ನಲ್ಲಿ ಟೀಯಿಂದ ಗ್ರೀನ್‌ಗೆ ನೇರ ಗೆರೆ ಎಳೆದುಬಿಡುತ್ತಾರೆ. ಲೆಕ್ಕ ನೋಡಿ: ಮೊದಲ ಹೊಡೆತದ ಭಾಗ 200 ಮೀಟರ್, ತಿರುವಿನ ನಂತರ 150 ಮೀಟರ್, ತಿರುವು 60 ಡಿಗ್ರಿ. ಆಟದ ದಾರಿಯ ಉದ್ದ 350 ಮೀಟರ್, ನೇರ ಗೆರೆಯ ಉದ್ದ ಸುಮಾರು 304 ಮೀಟರ್. 46 ಮೀಟರ್ ಮಾಯ! ಅದಕ್ಕೇ ಮೊದಲ ಹೊಡೆತ ಬೀಳುವ ಜಾಗದಲ್ಲಿ, ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ದಾರಿಯ ಮಧ್ಯದಲ್ಲಿ, ಒಂದು ಬಿಂದು ಇಡಬೇಕು. ಪಾರ್ ಎಂದರೆ ಹೋಲ್ ಮುಗಿಸಲು ನಿಗದಿಯಾದ ಹೊಡೆತಗಳ ಸಂಖ್ಯೆ. ಪಾರ್ 3ಕ್ಕೆ ಎರಡು ಬಿಂದು ಸಾಕು. ಪಾರ್ 4ಕ್ಕೆ ತಿರುವಿದ್ದರೆ ಮೂರು, ಪಾರ್ 5ಕ್ಕೆ ಸಾಮಾನ್ಯವಾಗಿ ನಾಲ್ಕು. ಫೇರ್‌ವೇ ಅಂಚಿನ ಬಳುಕನ್ನೆಲ್ಲ ಅನುಸರಿಸಿ ಹತ್ತಾರು ಬಿಂದು ಹಾಕುವುದು ಇದಕ್ಕೆ ವಿರುದ್ಧವಾದ ತಪ್ಪು. ಆಗ ಉದ್ದ ಹೆಚ್ಚಾಗುತ್ತದೆ.

ಫಲಕದ ದೂರವನ್ನು ಅಳೆಯುವುದು ಟೀಯಲ್ಲಿ ನೆಲಕ್ಕೆ ಹುಗಿದಿರುವ ಶಾಶ್ವತ ಗುರುತಿನಿಂದ ಗ್ರೀನ್‌ನ ಮಧ್ಯದವರೆಗೆ, ಆಟದ ದಾರಿಯ ಗುಂಟ, ಸಮತಲವಾಗಿ. ಏರಿಳಿತದ ಉದ್ದ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ನಕ್ಷೆಯ ಮೇಲೆ ಅಳೆದ ಉದ್ದ ನೇರವಾಗಿ ಅದಕ್ಕೆ ಹೋಲಿಸಲು ಬರುತ್ತದೆ. ಐಡಿಯಲ್ಲಿ ಗೆರೆ ಆಯ್ದು ಕಂಟ್ರೋಲ್, ಶಿಫ್ಟ್, ‘ಎಂ’ ಒಟ್ಟಿಗೆ ಒತ್ತಿದರೆ ಅಳತೆಯ ಪಟ್ಟಿ ತೆರೆದು ಉದ್ದ ತೋರಿಸುತ್ತದೆ. ಫಲಕ ಗಜದಲ್ಲಿದ್ದರೆ 0.9144ರಿಂದ ಗುಣಿಸಿ: 400 ಗಜ ಎಂದರೆ 365.76 ಮೀಟರ್. ನಿಮ್ಮ ವ್ಯತ್ಯಾಸ ಎಲ್ಲ ಹೋಲ್‌ಗಳಲ್ಲೂ ಶೇಕಡ ಒಂಬತ್ತರ ಆಸುಪಾಸಿನಲ್ಲೇ ಇದ್ದರೆ ನಕ್ಷೆಯನ್ನು ಮುಟ್ಟಲೇಬೇಡಿ, ಗಜವನ್ನೂ ಮೀಟರನ್ನೂ ಎಲ್ಲೋ ಅದಲುಬದಲು ಮಾಡಿಕೊಂಡಿದ್ದೀರಿ. ಇನ್ನೊಂದು ಗಮನಿಸಿ: ಫಲಕದಲ್ಲಿ ಬಣ್ಣಕ್ಕೊಂದರಂತೆ ಹಲವು ದೂರ ಇರುತ್ತವೆ. ಗೆರೆ ಹಿಂದಿನ ಟೀಯಿಂದ ಶುರುವಾಗುವುದರಿಂದ ಹೋಲಿಸಬೇಕಾದದ್ದು ಅತಿ ಉದ್ದದ ಅಂಕಿಯನ್ನು.

ಗೆರೆಗೆ ಕೊಡಬೇಕಾದ ಟ್ಯಾಗ್ ಕೆಲವೇ: ರೆಫ್ ಎಂದರೆ ಹೋಲ್‌ನ ಸಂಖ್ಯೆ, ಪಾರ್, ಮತ್ತು ಗೊತ್ತಿದ್ದರೆ ಹ್ಯಾಂಡಿಕ್ಯಾಪ್, ಅಂದರೆ ಹೋಲ್‌ನ ಕಷ್ಟದ ಕ್ರಮಾಂಕ. ನೇಮ್ ಜಾಗದಲ್ಲಿ ‘ಹೋಲ್ 7, ಪಾರ್ 4’ ಎಂದು ಬರೆಯಬೇಡಿ. ಹೋಲ್‌ಗೆ ನಿಜವಾಗಿಯೂ ಹೆಸರಿದ್ದರೆ ಮಾತ್ರ ಹೆಸರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನ ಹದಿನೇಳನೆಯದಕ್ಕೆ ‘ರೋಡ್’ ಎಂಬ ಹೆಸರಿದೆ, ಅಂಥದ್ದನ್ನು ಬರೆಯಿರಿ. ಒಂದೇ ಕ್ಲಬ್‌ನಲ್ಲಿ 27 ಅಥವಾ 36 ಹೋಲ್ ಇದ್ದರೆ ರೆಫ್ 1 ಎರಡು ಮೂರು ಸಲ ಬರುತ್ತದೆ, ಆ್ಯಪ್‌ಗೆ ಯಾವುದು ಯಾವ ಕೋರ್ಸ್‌ದು ಅಂತ ತಿಳಿಯುವುದಿಲ್ಲ. ಅಲ್ಲಿ ಪ್ರತಿ ಗೆರೆಗೂ ಗಾಲ್ಫ್:ಕೋರ್ಸ್:ನೇಮ್ ಎಂಬ ಟ್ಯಾಗ್‌ನಲ್ಲಿ ಕೋರ್ಸ್‌ನ ಹೆಸರು ಸೇರಿಸಿ.

ಗ್ರೀನ್ ಬಿಡಿಸುವಾಗ ಅವಸರ ಮಾಡಬೇಡಿ, ಇಡೀ ಕೋರ್ಸ್‌ನಲ್ಲಿ ಹೆಚ್ಚು ಹೊತ್ತು ಕೂರಬೇಕಾದ್ದು ಇಲ್ಲೇ. ಆ್ಯಪ್‌ಗಳು ಗ್ರೀನ್‌ನ ಮುಂದಿನ ಅಂಚು, ಮಧ್ಯ, ಹಿಂದಿನ ಅಂಚು ಎಂದು ಮೂರು ದೂರ ಹೇಳುವುದು ಈ ಆಕಾರದಿಂದಲೇ. ಚಿತ್ರವನ್ನು ಆದಷ್ಟು ಹತ್ತಿರಕ್ಕೆ ತನ್ನಿ. ನಡುವೆ ಅತಿ ನುಣುಪಾದ, ಒಂದೇ ಬಣ್ಣದ ಹುಲ್ಲು ಕಾಣುತ್ತದೆ. ಅದರ ಸುತ್ತ ತುಸು ಒರಟಾದ, ಹೆಚ್ಚಾಗಿ ಬೇರೆ ಛಾಯೆಯ ಒಂದು ಪಟ್ಟಿ ಇರುತ್ತದೆ, ಅದು ಕಾಲರ್. ಅದರಾಚೆ ಫೇರ್‌ವೇ ಅಥವಾ ಉದ್ದ ಹುಲ್ಲಿನ ರಫ್. ನಿಮ್ಮ ಗೆರೆ ನುಣುಪು ಹುಲ್ಲು ಮತ್ತು ಕಾಲರ್ ಸೇರುವ ಕಡೆ ಬೀಳಬೇಕು. ಕಾಲರನ್ನು ಗ್ರೀನ್ ಒಳಗೆ ಸೇರಿಸಿದರೆ ಮುಂದಿನ ಅಂಚು ಆಟಗಾರನಿಗೆ ಹತ್ತಿರವಾಗಿಯೂ ಹಿಂದಿನ ಅಂಚು ದೂರವಾಗಿಯೂ ಕಾಣುತ್ತದೆ. ಬಿಂದುಗಳನ್ನು ತಿರುವಿರುವ ಕಡೆ ಒಂದೆರಡು ಮೀಟರಿಗೊಂದರಂತೆ, ಅಂಚು ನೇರವಾಗಿರುವ ಕಡೆ ವಿರಳವಾಗಿ ಇಡಿ. ಗ್ರೀನನ್ನು ದುಂಡಗೆ ಮಾಡುವ ಶಾರ್ಟ್‌ಕಟ್ ಬಳಸಲೇಬೇಡಿ. ನಿಜವಾದ ಗ್ರೀನ್‌ಗಳು ಸಾಮಾನ್ಯವಾಗಿ ವೃತ್ತವಾಗಿರುವುದಿಲ್ಲ.

ಬಾವುಟ ನೆಟ್ಟ ಕುಳಿಯನ್ನು ಸೂಚಿಸುವ ಗಾಲ್ಫ್=ಪಿನ್ ಬಿಂದುವನ್ನು ಗ್ರೀನ್‌ನ ಮಧ್ಯದಲ್ಲಿ ಇಟ್ಟು ಹೋಲ್ ಗೆರೆಯ ಕೊನೆಯ ಬಿಂದುವನ್ನೇ ಅದಾಗಿಸಿ. ಚಿತ್ರದಲ್ಲಿ ಬಾವುಟದ ನೆರಳು ಕಂಡಿತು ಅಂತ ಅಲ್ಲಿಗೆ ಸರಿಸಬೇಡಿ. 108 ಮಿಲಿಮೀಟರ್ ಅಗಲದ ಆ ಕುಳಿಯನ್ನು ಸಿಬ್ಬಂದಿ ಆಗಾಗ ಬೇರೆ ಕಡೆ ತೋಡುತ್ತಾರೆ, ಚಿತ್ರ ತೆಗೆದ ದಿನದ ಜಾಗ ಇವತ್ತು ಯಾರಿಗೂ ಬೇಕಾಗಿಲ್ಲ. ಗ್ರೀನ್ ಹಂಚಿಕೊಂಡ ಹೋಲ್‌ಗಳೂ ಇವೆ. ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನಲ್ಲಿ 1, 9, 17, 18 ಬಿಟ್ಟರೆ ಉಳಿದ 14 ಹೋಲ್‌ಗಳಿಗೆ ಏಳೇ ಗ್ರೀನ್. ಎರಡನೆಯದೂ ಹದಿನಾರನೆಯದೂ ಒಂದೇ ಹಾಸಿನ ಮೇಲೆ ಮುಗಿಯುತ್ತವೆ. ಅಂಥಲ್ಲಿ ಹಾಸನ್ನು ಎರಡಾಗಿ ಕತ್ತರಿಸಬೇಡಿ. ಆಕಾರ ಒಂದೇ, ಅದರೊಳಗೆ ಮುಗಿಯುವ ಗೆರೆ ಎರಡು, ಪಿನ್ ಎರಡು. ಹಾಸಿನ ನಟ್ಟನಡುವೆ ಎರಡನ್ನೂ ಇಡದೆ ಪ್ರತಿ ಪಿನ್ನನ್ನು ಅದರದರ ಪಾಲಿನ ಮಧ್ಯಕ್ಕೆ ಇಡಿ.

ಈಗ ಚಿತ್ರದ ಜರುಗುವಿಕೆ. ಸಮಭಾಜಕದ ಹತ್ತಿರ ಹತ್ತೊಂಬತ್ತನೇ ಜೂಮ್‌ನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 30 ಸೆಂಟಿಮೀಟರ್, ಆದ್ದರಿಂದ ಅಂಚು ಚೂಪಾಗಿ ಕಾಣುತ್ತದೆ. ಚೂಪಾಗಿ ಕಂಡ ಮಾತ್ರಕ್ಕೆ ಜಾಗ ಸರಿಯಿರಬೇಕೆಂದಿಲ್ಲ. ಬಿಂಗ್ ಮತ್ತು ಎಸ್ರಿ ಉಪಗ್ರಹ ಚಿತ್ರಗಳನ್ನು ಒಂದಾದಮೇಲೊಂದು ತೆರೆದು ಒಂದೇ ಬಂಕರ್ (ಮರಳಿನ ಗುಂಡಿ) ನೋಡಿ, ಎಷ್ಟೋ ಕಡೆ ಅದು ಕೆಲವು ಮೀಟರ್ ಜಿಗಿಯುತ್ತದೆ. ಯಾವುದು ಸರಿ ಎಂದು ತೀರ್ಮಾನಿಸಲು ನಕ್ಷೆಗೆ ಜನ ಅಪ್‌ಲೋಡ್ ಮಾಡಿರುವ ಜಿಪಿಎಸ್ ಜಾಡುಗಳ ಪದರವನ್ನು ಆನ್ ಮಾಡಿ, ಪಕ್ಕದ ರಸ್ತೆಗೆ ಹೋಲಿಸಿ. ಒಂದು ಜಾಡನ್ನು ನಂಬಬೇಡಿ, ಬಯಲಿನಲ್ಲೂ ಫೋನ್ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ. ಹಲವು ಜಾಡುಗಳ ಕಂತೆಯ ಮಧ್ಯವನ್ನು ಹಿಡಿಯಿರಿ. ಆಮೇಲೆ ಐಡಿಯಲ್ಲಿ ‘ಬಿ’ ಒತ್ತಿ ಹಿನ್ನೆಲೆಯ ಪಟ್ಟಿಯಲ್ಲಿ, ಜೋಸ್ಮ್‌ನಲ್ಲಾದರೆ ಇಮೇಜರಿ ಮೆನುವಿನಲ್ಲಿ, ಆಫ್‌ಸೆಟ್, ಅಂದರೆ ಚಿತ್ರ ಸರಿದಿರುವ ಅಂತರವನ್ನು, ಸರಿಪಡಿಸಿ. ಸರಿಸಬೇಕಾದದ್ದು ಚಿತ್ರವನ್ನು, ಸರಿಯಾದ ಜಾಗದಲ್ಲಿರುವ ರಸ್ತೆಗಳನ್ನಲ್ಲ.

ಈಗಾಗಲೇ ಜರುಗಿದ ಚಿತ್ರದ ಮೇಲೆ ಬಿಡಿಸಿಬಿಟ್ಟಿದ್ದರೆ, ಮೊದಲು ಚಿತ್ರ ಸರಿಪಡಿಸಿ. ನಂತರ ಜೋಸ್ಮ್‌ನಲ್ಲಿ ಕೋರ್ಸ್‌ಗೆ ಸೇರಿದ್ದನ್ನಷ್ಟೇ ಆಯ್ದು ಒಟ್ಟಾಗಿ ಎಳೆಯಿರಿ. ಎಳೆಯುವ ಮುನ್ನ ಆಯ್ಕೆಯಲ್ಲಿ ರಸ್ತೆ, ಮನೆ, ಬೇಲಿ ಸಿಕ್ಕಿಕೊಂಡಿಲ್ಲವೇ ನೋಡಿ. ಕೋರ್ಸ್‌ನ ಗಡಿಯನ್ನು ರಸ್ತೆಯ ಬಿಂದುಗಳಿಗೇ ಅಂಟಿಸಿದ್ದರೆ ರಸ್ತೆಯೂ ಜೊತೆಗೆ ಬರುತ್ತದೆ. ಈ ಕಾರಣಕ್ಕೇ ಗಡಿಯನ್ನು ರಸ್ತೆಯ ನಡುಗೆರೆಗೆ ಎಂದೂ ಅಂಟಿಸಬಾರದು, ಬೇಲಿ ಇರುವ ಕಡೆ ಎಳೆಯಬೇಕು. ಬಿಡಿಸುವಾಗ ಐಡಿಯಲ್ಲಿ ಆಲ್ಟ್, ಜೋಸ್ಮ್‌ನಲ್ಲಿ ಕಂಟ್ರೋಲ್ ಹಿಡಿದುಕೊಂಡರೆ ಬಿಂದುಗಳು ತಾವಾಗಿ ಅಂಟಿಕೊಳ್ಳುವುದಿಲ್ಲ.

ಲೀಷರ್=ಗಾಲ್ಫ್_ಕೋರ್ಸ್ ಎಂಬ ಹೊರಗಡಿಯೊಳಗೆ ಕ್ಲಬ್‌ಹೌಸ್, ಪಾರ್ಕಿಂಗ್, ಡ್ರೈವಿಂಗ್ ರೇಂಜ್ ಬರಲಿ. ನಡುವೆ ವಸತಿ ಮನೆಗಳಿದ್ದರೆ ಅವು ಕೋರ್ಸ್ ಅಲ್ಲ, ಮಲ್ಟಿಪಾಲಿಗನ್ (ಒಳಗೆ ತೂತಿರುವ ಆಕಾರ) ಮಾಡಿ ಆ ಭಾಗವನ್ನು ಇನ್ನರ್, ಅಂದರೆ ಒಳಗಿನ ತೂತಾಗಿ ಹೊರಗಿಡಿ. ಕೋರ್ಸ್‌ನ ಹೆಸರು ಈ ಗಡಿಗೆ ಒಂದು ಸಲ ಮಾತ್ರ.

ಫೇರ್‌ವೇಗೆ ಇಷ್ಟೊಂದು ಸೂಕ್ಷ್ಮ ಬೇಡ, ಬಿಂದುಗಳು ಐದರಿಂದ ಹತ್ತು ಮೀಟರಿಗೊಂದು ಇದ್ದರೆ ಸಾಕು. ಬಂಕರ್‌ಗೆ ಗಾಲ್ಫ್=ಬಂಕರ್ ಜೊತೆ ನ್ಯಾಚುರಲ್=ಸ್ಯಾಂಡ್ ಹಾಕಿ, ಮರಳಿನ ಅಂಚನ್ನೇ ಅನುಸರಿಸಿ. ಆಳದ ಬಂಕರ್‌ಗಳಲ್ಲಿ ಕಡಿದಾದ ಗೋಡೆಯ ನೆರಳು ಮರಳಿನ ಮೇಲೆ ಬಿದ್ದು ಆ ಭಾಗ ಹುಲ್ಲಿನಂತೆ ಕಪ್ಪಗೆ ಕಾಣುತ್ತದೆ. ಬೇರೆ ಹೊತ್ತಿನಲ್ಲಿ ತೆಗೆದ ಇನ್ನೊಂದು ಚಿತ್ರದೊಂದಿಗೆ ಹೋಲಿಸದಿದ್ದರೆ ಅರ್ಧ ಬಂಕರ್ ಬಿಟ್ಟುಹೋಗುತ್ತದೆ. ಫೇರ್‌ವೇ ಒಳಗೇ ಇರುವ ಬಂಕರನ್ನು ಮೇಲೆ ಸುಮ್ಮನೆ ಬಿಡಿಸಿದರೂ ನಕ್ಷೆಯಲ್ಲಿ ಸರಿಯಾಗಿ ಕಾಣುತ್ತದೆ, ಚಿಕ್ಕ ಆಕಾರ ಮೇಲೆ ಬರುತ್ತದೆ. ಆದರೆ ಹುಲ್ಲಿನ ವಿಸ್ತೀರ್ಣ ಲೆಕ್ಕ ಹಾಕುವವರಿಗೆ ಅದು ತಪ್ಪು ಅಂಕಿ ಕೊಡುತ್ತದೆ. ಸಮಯವಿದ್ದರೆ ಮಲ್ಟಿಪಾಲಿಗನ್ ಮಾಡುವುದೇ ಮೇಲು. ರಫ್ ಅನ್ನು ಮಾತ್ರ ಇಡೀ ಕೋರ್ಸ್ ಮುಚ್ಚುವ ಒಂದೇ ದೊಡ್ಡ ಹಾಳೆಯಾಗಿ ಹಾಕಬೇಡಿ, ಕಾಡು, ಕೆರೆ, ಕಟ್ಟಡ ಎಲ್ಲ ಅದರಡಿ ಸಿಕ್ಕಿಕೊಂಡು ಆಮೇಲೆ ತಿದ್ದುವವರಿಗೆ ತಲೆನೋವು. ಕಂಡಷ್ಟನ್ನು ತುಂಡುತುಂಡಾಗಿ ಹಾಕಿ, ಇಲ್ಲವೇ ಬಿಟ್ಟುಬಿಡಿ.

ನೀರಿನ ವಿಷಯದಲ್ಲಿ ಗೊಂದಲ ಸಹಜ. 2019ರ ನಿಯಮಾವಳಿಯಲ್ಲಿ ವಾಟರ್ ಹಜಾರ್ಡ್ ಎಂಬ ಮಾತು ಹೋಗಿ ಪೆನಾಲ್ಟಿ ಏರಿಯಾ ಬಂತು. ನಕ್ಷೆಯ ಟ್ಯಾಗ್‌ಗಳು ಹಳೆಯ ಹೆಸರಲ್ಲೇ ಉಳಿದಿವೆ: ಹಳದಿ ಗೂಟದ್ದಕ್ಕೆ ಗಾಲ್ಫ್=ವಾಟರ್_ಹಜಾರ್ಡ್, ಕೆಂಪು ಗೂಟದ್ದಕ್ಕೆ ಗಾಲ್ಫ್=ಲ್ಯಾಟರಲ್_ವಾಟರ್_ಹಜಾರ್ಡ್. ಗೂಟದ ಬಣ್ಣ ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ. ಮೈದಾನದಲ್ಲಿ ನೋಡಿಲ್ಲವಾದರೆ ನ್ಯಾಚುರಲ್=ವಾಟರ್ ಮಾತ್ರ ಹಾಕಿ ನಿಲ್ಲಿಸಿ, ಊಹೆ ಬೇಡ.

ಕಾರ್ಟ್ ದಾರಿಗಳಿಗೆ ಗಾಲ್ಫ್=ಕಾರ್ಟ್‌ಪಾತ್ ಒಂದೇ ಸಾಲದು, ಜೊತೆಗೆ ಹೈವೇ ಟ್ಯಾಗ್ ಬೇಕು, ಸಾಮಾನ್ಯವಾಗಿ ಹೈವೇ=ಪಾತ್. ಪ್ರವೇಶ ಯಾರಿಗಿದೆ ಎಂಬ ಆ್ಯಕ್ಸೆಸ್ ಟ್ಯಾಗ್ ಮರೆತರೆ ದಾರಿ ತೋರಿಸುವ ಆ್ಯಪ್‌ಗಳು ದಾರಿಹೋಕರನ್ನು ಚೆಂಡು ಹಾರುವ ಫೇರ್‌ವೇ ಅಡ್ಡಲಾಗಿ ಕಳುಹಿಸುತ್ತವೆ. ಇದು ಅಪಾಯದ ವಿಷಯ, ಬಿಟ್ಟು ಮುಂದೆ ಹೋಗಬೇಡಿ. ಹಾಗಂತ ಕೋರ್ಸ್ ದಾಟುವ ಸಾರ್ವಜನಿಕ ಕಾಲುದಾರಿಯನ್ನು ಖಾಸಗಿ ಎಂದು ಗುರುತಿಸಿ ಮುಚ್ಚುವುದೂ ತಪ್ಪೇ.

ಮಾಹಿತಿಯ ಮೂಲದ ಬಗ್ಗೆ ಕಟ್ಟುನಿಟ್ಟಾಗಿರಿ. ಗೂಗಲ್ ಚಿತ್ರದ ಮೇಲಿಟ್ಟು ಬಿಡಿಸಬಾರದು, ಅದಕ್ಕೆ ಅನುಮತಿ ಇಲ್ಲ. ಎಡಿಟರ್ ಒಳಗೇ ಕೊಟ್ಟಿರುವ ಚಿತ್ರಗಳಿಗೆ ಅನುಮತಿ ಇದೆ. ಕ್ಲಬ್ ಅಚ್ಚು ಹಾಕಿಸಿದ ನಕ್ಷೆ, ಹೋಲ್‌ಗಳ ದೂರ ತೋರಿಸುವ ಯಾರ್ಡೇಜ್ ಪುಸ್ತಕ ಇವುಗಳಿಂದ ಆಕಾರ ನಕಲು ಮಾಡಬೇಡಿ. ಪಾರ್ ಮತ್ತು ಸಂಖ್ಯೆಗಳನ್ನು ಟೀ ಪಕ್ಕದ ಫಲಕದಲ್ಲಿ ಕಣ್ಣಾರೆ ನೋಡಿ ಬರೆದುಕೊಳ್ಳಿ.

ಅಪ್‌ಲೋಡ್ ಮಾಡುವ ಮುನ್ನ ಜೋಸ್ಮ್‌ನ ಹುಡುಕಾಟದಲ್ಲಿ, ಮಾಡಿದ ಮೇಲಾದರೆ ನಕ್ಷೆಯ ಮಾಹಿತಿ ಹುಡುಕುವ ಓವರ್‌ಪಾಸ್ ಟರ್ಬೋ ತಾಣದಲ್ಲಿ, ಗಾಲ್ಫ್=ಹೋಲ್ ಗೆರೆಗಳನ್ನಷ್ಟೇ ತೆಗೆದು ಪಟ್ಟಿ ನೋಡಿ. 1ರಿಂದ 18ರವರೆಗೆ ಪ್ರತಿ ರೆಫ್ ಒಂದೊಂದೇ ಸಲ ಇರಬೇಕು, ಪಾರ್‌ಗಳ ಮೊತ್ತ ಸ್ಕೋರ್‌ಕಾರ್ಡ್‌ನ ಒಟ್ಟು ಪಾರ್‌ಗೆ ಸರಿಹೊಂದಬೇಕು. ಮೊತ್ತ ಒಂದು ಹೆಚ್ಚುಕಡಿಮೆಯಾದರೆ ಬಹುಶಃ ಒಂದು ಹೋಲ್‌ನ ಪಾರ್ ತಪ್ಪಿದೆ, ಮೂರರಿಂದ ಐದು ವ್ಯತ್ಯಾಸ ಬಂದರೆ ಬಹುಶಃ ಒಂದು ಗೆರೆಯೇ ಬಿಟ್ಟುಹೋಗಿದೆ ಅಥವಾ ಎರಡು ಸಲ ಇದೆ.

ಒಂದು ಹೋಲ್ ಮಾತ್ರ ಏನು ಮಾಡಿದರೂ ತಾಳೆಯಾಗದಿದ್ದರೆ ಚಿತ್ರದ ದಿನಾಂಕ ನೋಡಿ. ಐಡಿಯಲ್ಲಿ ಕಂಟ್ರೋಲ್, ಶಿಫ್ಟ್, ‘ಬಿ’ ಒತ್ತಿದರೆ ಹಿನ್ನೆಲೆ ಚಿತ್ರದ ವಿವರ ಬರುತ್ತದೆ. ಕೋರ್ಸ್‌ಗಳಲ್ಲಿ ಟೀ ಹಿಂದಕ್ಕೆ ಸರಿಸುವುದು, ಗ್ರೀನ್ ಹೊಸದಾಗಿ ಕಟ್ಟುವುದು ನಡೆಯುತ್ತಲೇ ಇರುತ್ತದೆ, ನೀವು ನೋಡುತ್ತಿರುವುದು ಹಳೆಯ ಗ್ರೀನ್ ಇರಬಹುದು. ತಿದ್ದುವಾಗ ಇರುವ ಆಕಾರದ ಬಿಂದುಗಳನ್ನೇ ಸರಿಸಿ, ಅಳಿಸಿ ಹೊಸದು ಬಿಡಿಸಿದರೆ ಅದರ ಇತಿಹಾಸ ಕಡಿದುಹೋಗುತ್ತದೆ. ಪೂರ್ತಿ ಹೊಸ ಆಕಾರವೇ ಬೇಕಾದರೆ ಜೋಸ್ಮ್‌ನ ಯುಟಿಲ್ಸ್‌ಪ್ಲಗಿನ್2ರಲ್ಲಿರುವ ರಿಪ್ಲೇಸ್ ಜಿಯಾಮೆಟ್ರಿ ಬಳಸಿ.

ಮತ್ತೆ, ತಿದ್ದಿದ ತಕ್ಷಣ ಆ್ಯಪ್‌ನಲ್ಲಿ ಬದಲಾಗಲಿಲ್ಲ ಎಂದು ಮತ್ತೆ ಮತ್ತೆ ತಿದ್ದಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯಲ್ಲಿ ಬದಲಾವಣೆ ಬೇಗ ಕಾಣುತ್ತದೆ, ಆ್ಯಪ್‌ಗಳು ಮಾತ್ರ ತಮ್ಮದೇ ವೇಳೆಗೆ ಮಾಹಿತಿ ಇಳಿಸಿಕೊಳ್ಳುತ್ತವೆ. ಇಷ್ಟೆಲ್ಲ ಆದಮೇಲೂ ಯಾವುದಾದರೂ ಹೋಲ್ ಸರಿಹೋಗದಿದ್ದರೆ ಆ ಗೆರೆಯ ಕೊಂಡಿ, ಫಲಕದಲ್ಲಿರುವ ದೂರ, ನೀವು ಬಳಸಿದ ಚಿತ್ರದ ಹೆಸರು, ಈ ಮೂರನ್ನೂ ಇಲ್ಲಿ ಕಾಮೆಂಟ್‌ನಲ್ಲಿ ಹಾಕಿ. ನೋಡಿ ಹೇಳುತ್ತೇನೆ.